ಸುಳಿಗಳನ್ನು ಕೀಲಿಸುವ ರಂಧ್ರಗಳು: ವಿನ್ಯಾಸಗೊಳಿಸಿದ ಅತಿವಾಹಕ ತೆಳುಪದರಗಳಲ್ಲಿ ಕಾಂತೀಯ ಪಿನ್ನಿಂಗ್

ಅತಿವಾಹಕದಲ್ಲಿ ವಿದ್ಯುತ್ತು ರೋಧವೇ ಇಲ್ಲದೆ ಹರಿಯುತ್ತದೆ ಎಂದು ಹೇಳುವಾಗ ಒಂದು ಷರತ್ತನ್ನು ಸಾಮಾನ್ಯವಾಗಿ ಬಿಟ್ಟುಬಿಡಲಾಗುತ್ತದೆ. ಪ್ರಬಲ ವಿದ್ಯುತ್ಕಾಂತಗಳಲ್ಲಿ ಬಳಕೆಯಾಗುವ ಬಗೆಯ ಅತಿವಾಹಕವೊಂದನ್ನು ಲವಲೇಶವೂ ಕಲ್ಮಶವಿಲ್ಲದಂತೆ, ಹರಳಿನ ಜೋಡಣೆಯಲ್ಲಿ ಒಂದು ಪರಮಾಣುವೂ ಸ್ಥಾನ ತಪ್ಪದಂತೆ ತಯಾರಿಸಿ, ಸಾಕಷ್ಟು ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟರೆ, ಅದರಲ್ಲಿ ಎಷ್ಟು ಸಣ್ಣ ಪ್ರವಾಹವನ್ನು ಹರಿಸಿದರೂ ರೋಧ ತಲೆದೋರುತ್ತದೆ. ಅದೇ ವಸ್ತುವಿನಲ್ಲಿ ಬಿರುಕು, ಬೇರೆ ವಸ್ತುವಿನ ಕಣ, ರಂಧ್ರ ಮುಂತಾದ ದೋಷಗಳಿದ್ದರೆ ಆ ರೋಧ ಮತ್ತೆ ಇಲ್ಲವಾಗುತ್ತದೆ. ಕಾಂತಕ್ಷೇತ್ರದಲ್ಲಿ ಅತಿವಾಹಕವು ಅತಿವಾಹಕವಾಗಿ ಉಳಿಯುವುದು ತನ್ನ ದೋಷಗಳ ಬಲದಿಂದಲೇ. ದೋಷಗಳು ಇಷ್ಟೊಂದು ಉಪಯುಕ್ತವಾಗಿದ್ದರೆ ಅವುಗಳನ್ನು ಪ್ರಕೃತಿಯ ಆಕಸ್ಮಿಕಕ್ಕೆ ಬಿಡದೆ ನಾವೇ ಅಳೆದು, ಎಣಿಸಿ, ಬೇಕಾದ ಕಡೆ ಏಕೆ ಇಡಬಾರದು ಎಂಬ ಪ್ರಶ್ನೆಯಿಂದ ಹುಟ್ಟಿದ್ದೇ ವಿನ್ಯಾಸಗೊಳಿಸಿದ ತೆಳುಪದರಗಳ ಅಧ್ಯಯನ.

ಮೊದಲು ಕಾಂತಕ್ಷೇತ್ರಕ್ಕೂ ಅತಿವಾಹಕಕ್ಕೂ ಇರುವ ವಿರೋಧವನ್ನು ನೋಡಬೇಕು. ಪಾದರಸದ ರೋಧವು ಸುಮಾರು 4.2 ಕೆಲ್ವಿನ್‌ನಲ್ಲಿ ಥಟ್ಟನೆ ಮಾಯವಾಗುವುದನ್ನು ಕಾಮರ್ಲಿಂಗ್ ಓನ್ನೆಸ್ 1911ರಲ್ಲಿ ಕಂಡರು. ಅತಿವಾಹಕವು ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರಗೆ ತಳ್ಳುತ್ತದೆ ಎಂಬುದನ್ನು ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ 1933ರಲ್ಲಿ ತೋರಿಸಿದರು. ಹಾಗೆ ತಳ್ಳುವುದಕ್ಕೆ ಶಕ್ತಿ ವ್ಯಯವಾಗುತ್ತದೆ. ಕ್ಷೇತ್ರ ಹೆಚ್ಚಿದಂತೆ ಆ ವೆಚ್ಚವೂ ಏರಿ, ಕೊನೆಗೊಮ್ಮೆ ಅತಿವಾಹಕವು ಸೋಲಬೇಕಾಗುತ್ತದೆ. ಸೀಸದಂತಹ ಶುದ್ಧ ಲೋಹಗಳು ಒಂದೇ ಬಾರಿಗೆ ಸೋತು ಸಾಧಾರಣ ಲೋಹವಾಗಿಬಿಡುತ್ತವೆ. ಆದರೆ ಮಿಶ್ರಲೋಹಗಳು, ನಯೋಬಿಯಂ, ತಾಮ್ರದ ಆಕ್ಸೈಡ್ ಆಧಾರಿತ ಅತಿವಾಹಕಗಳು ಇವೆಲ್ಲ ಎರಡನೆಯ ಬಗೆಗೆ ಸೇರಿದವು. ಅವು ಕ್ಷೇತ್ರದೊಡನೆ ರಾಜಿ ಮಾಡಿಕೊಳ್ಳುತ್ತವೆ. ಆ ರಾಜಿಯ ಸ್ವರೂಪವನ್ನು 1957ರಲ್ಲಿ ಪ್ರಕಟವಾದ ತಮ್ಮ ಸಿದ್ಧಾಂತದಲ್ಲಿ ಅಬ್ರಿಕೋಸೋವ್ ವಿವರಿಸಿದರು: ಕ್ಷೇತ್ರವು ವಸ್ತುವಿನೊಳಗೆ ಎಲ್ಲೆಡೆ ಸಮನಾಗಿ ಹರಡದೆ, ತೆಳ್ಳಗಿನ ಎಳೆಗಳಾಗಿ ಸೀಳಿಕೊಂಡು ಒಳಬರುತ್ತದೆ. ಈ ಎಳೆಗಳೇ ಕಾಂತೀಯ ಸುಳಿಗಳು. ಈ ಕೆಲಸಕ್ಕೆ 2003ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ಒಂದು ಸುಳಿಯ ರಚನೆಯನ್ನು ಎರಡು ಉದ್ದಗಳು ನಿರ್ಧರಿಸುತ್ತವೆ. ಸುಳಿಯ ನಡುವೆ ಒಂದು ತಿರುಳಿದೆ. ಅಲ್ಲಿ ಅತಿವಾಹಕತೆಯನ್ನು ಉಂಟುಮಾಡುವ ಎಲೆಕ್ಟ್ರಾನ್ ಜೋಡಿಗಳ ಸಾಂದ್ರತೆ ಸೊನ್ನೆಗೆ ಇಳಿದಿರುತ್ತದೆ, ಅಂದರೆ ಆ ತಿರುಳು ಸಾಧಾರಣ ಲೋಹದಂತೆಯೇ ಇರುತ್ತದೆ. ತಿರುಳಿನ ತ್ರಿಜ್ಯವು ಸುಮಾರಾಗಿ ಸಂಸಕ್ತಿ ದೂರ ಎಂಬ ಅಳತೆಗೆ ಸಮ. ತಿರುಳಿನ ಸುತ್ತ ವಿದ್ಯುತ್ ಪ್ರವಾಹ ಗಿರಗಿರನೆ ಸುತ್ತುತ್ತಿರುತ್ತದೆ, ಮತ್ತು ಈ ಪ್ರವಾಹವೂ ಅದು ಹೊತ್ತಿರುವ ಕಾಂತಕ್ಷೇತ್ರವೂ ಒಳನುಗ್ಗುವ ಆಳ ಎಂಬ ಎರಡನೆಯ ಅಳತೆಯವರೆಗೆ ಚಾಚಿಕೊಂಡಿರುತ್ತವೆ. ಶುದ್ಧ ನಯೋಬಿಯಂನಲ್ಲಿ ಎರಡೂ ಅಳತೆಗಳು 40 ನ್ಯಾನೋಮೀಟರ್‌ನ ಆಸುಪಾಸಿನಲ್ಲಿವೆ. ಯಿಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡಿನಲ್ಲಾದರೋ ತಿರುಳು ಬರೀ ಒಂದೂವರೆ ಎರಡು ನ್ಯಾನೋಮೀಟರ್‌ನಷ್ಟು, ಒಳನುಗ್ಗುವ ಆಳ ಸುಮಾರು 150 ನ್ಯಾನೋಮೀಟರ್. ಒಂದು ಸುಳಿಯನ್ನು ಹಾಯುವ ಕಾಂತಕ್ಷೇತ್ರದ ಒಟ್ಟು ಮೊತ್ತ, ಅಂದರೆ ಅದರ ಅಭಿವಾಹ, ಮಾತ್ರ ಯಾವ ವಸ್ತುವಿನಲ್ಲೂ ಒಂದೇ: 2.07 × 10⁻¹⁵ ವೆಬರ್. ಜೋಡಿ ಎಲೆಕ್ಟ್ರಾನುಗಳ ಕ್ವಾಂಟಮ್ ಅಲೆಯು ಸುಳಿಯನ್ನು ಒಂದು ಸುತ್ತು ಬಳಸಿ ಬಂದಾಗ ಹೊರಟ ಹಂತಕ್ಕೇ ಸರಿಯಾಗಿ ಕೂಡಿಕೊಳ್ಳಬೇಕಾಗಿರುವುದರಿಂದ ಈ ಮೊತ್ತವು ಇಡೀ ಘಟಕಗಳಲ್ಲಿ ಮಾತ್ರ ಬರಲು ಸಾಧ್ಯ. ಅಭಿವಾಹದ ಈ ಕ್ವಾಂಟಮ್ ಅನ್ನು 1961ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಅಳೆದವು. ಮುಂದೆ ಬರುವ ಲೆಕ್ಕಗಳೆಲ್ಲ ಈ ಒಂದು ಸಂಖ್ಯೆಯನ್ನು ಅವಲಂಬಿಸಿವೆ.

ಒಂದೇ ದಿಕ್ಕಿನ ಕ್ಷೇತ್ರವನ್ನು ಹೊತ್ತ ಸುಳಿಗಳು ಒಂದನ್ನೊಂದು ವಿಕರ್ಷಿಸುತ್ತವೆ. ಆದ್ದರಿಂದ ಅವು ಸಾಧ್ಯವಾದಷ್ಟೂ ದೂರ ನಿಲ್ಲಲು ಹೋಗಿ, ತಡೆಯೇನೂ ಇಲ್ಲದಿದ್ದರೆ, ಸಮಬಾಹು ತ್ರಿಕೋನಗಳ ಜಾಲವಾಗಿ ನೆಲೆಗೊಳ್ಳುತ್ತವೆ. ಎಸ್‌ಮನ್ ಮತ್ತು ಟ್ರಾಯ್‌ಬ್ಲೆ ಎಂಬುವರು 1967ರಲ್ಲಿ ಅತಿವಾಹಕದ ಮೇಲೆ ಅತಿಸೂಕ್ಷ್ಮ ಕಾಂತೀಯ ಕಣಗಳನ್ನು ಉದುರಿಸಿ, ಅವು ಸುಳಿಗಳ ತಲೆಗಳ ಮೇಲೆ ಗುಂಪುಗೂಡಿದ ಚಿತ್ರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದು ಈ ಜಾಲವನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಜಾಲದ ಅಂತರವನ್ನು ಕ್ಷೇತ್ರವೇ ನಿರ್ಧರಿಸುತ್ತದೆ: 1 ಮಿಲಿಟೆಸ್ಲಾದಲ್ಲಿ ಅಕ್ಕಪಕ್ಕದ ಸುಳಿಗಳ ನಡುವೆ ಸುಮಾರು 1.5 ಮೈಕ್ರೋಮೀಟರ್ ಅಂತರವಿದ್ದರೆ, 1 ಟೆಸ್ಲಾದಲ್ಲಿ ಅದು 49 ನ್ಯಾನೋಮೀಟರ್‌ಗೆ ಇಳಿಯುತ್ತದೆ.

ಇಂತಹ ಪದರದಲ್ಲಿ ಪ್ರವಾಹವನ್ನು ಹರಿಸಿದರೆ, ಪ್ರವಾಹಕ್ಕೂ ಕ್ಷೇತ್ರಕ್ಕೂ ಲಂಬವಾದ ದಿಕ್ಕಿನಲ್ಲಿ ಪ್ರತಿಯೊಂದು ಸುಳಿಯ ಮೇಲೂ ಬಲ ಬೀಳುತ್ತದೆ. ಚದರ ಸೆಂಟಿಮೀಟರಿಗೆ ಹತ್ತು ಲಕ್ಷ ಆಂಪಿಯರ್ ಎಂದರೆ ಭಾರಿ ಪ್ರವಾಹ ಎನ್ನಿಸುತ್ತದೆ. ಆದರೂ ಅದು 100 ನ್ಯಾನೋಮೀಟರ್ ದಪ್ಪದ ಪದರದಲ್ಲಿರುವ ಒಂದು ಸುಳಿಯ ಮೇಲೆ ಹಾಕುವ ಬಲ ಕೇವಲ ಎರಡು ಪಿಕೋನ್ಯೂಟನ್. ಹಿಡಿದಿಡುವವರಿಲ್ಲದಿದ್ದರೆ ಅಷ್ಟು ಬಲವೇ ಸಾಕು, ಸುಳಿಗಳು ಚಲಿಸತೊಡಗುತ್ತವೆ. ಚಲಿಸುವ ಸುಳಿಯೆಂದರೆ ಚಲಿಸುವ ಕಾಂತಕ್ಷೇತ್ರ; ಚಲಿಸುವ ಕಾಂತಕ್ಷೇತ್ರವು ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ; ಆ ಕ್ಷೇತ್ರವು ಸುಳಿಗಳ ತಿರುಳಿನಲ್ಲಿರುವ ಸಾಧಾರಣ ಎಲೆಕ್ಟ್ರಾನುಗಳನ್ನು ತಳ್ಳಿ ಶಾಖವನ್ನು ಉಂಟುಮಾಡುತ್ತದೆ. ಬಾರ್ಡೀನ್ ಮತ್ತು ಸ್ಟೀಫನ್ 1965ರಲ್ಲಿ ಕೊಟ್ಟ ಅಂದಾಜಿನಂತೆ, ಹೀಗೆ ಹುಟ್ಟುವ ರೋಧವು ಸಾಧಾರಣ ಲೋಹದ ರೋಧದಲ್ಲಿ ಒಂದು ಭಾಗ. ಸುಳಿಗಳ ತಿರುಳುಗಳು ಪದರದ ಎಷ್ಟು ಪಾಲನ್ನು ಆಕ್ರಮಿಸಿವೆಯೋ ಸರಿಸುಮಾರು ಅಷ್ಟೇ ಪಾಲು. ಒಂದು ಅತಿವಾಹಕ ತಂತಿಯ ಗರಿಷ್ಠ ಪ್ರವಾಹ ಎಂದು ಕೋಷ್ಟಕಗಳಲ್ಲಿ ಕೊಡುವ ಸಂಖ್ಯೆ ಬಹುಪಾಲು ಸಂದರ್ಭಗಳಲ್ಲಿ ಎಲೆಕ್ಟ್ರಾನ್ ಜೋಡಿಗಳು ಒಡೆಯುವ ಮಿತಿಯಲ್ಲ, ಸುಳಿಗಳು ಹಿಡಿತ ತಪ್ಪಿಸಿಕೊಳ್ಳುವ ಮಿತಿ.

ಆ ಹಿಡಿತವನ್ನೇ ಪಿನ್ನಿಂಗ್ ಎನ್ನುತ್ತಾರೆ. ಅದರ ಹಿಂದಿನ ಲೆಕ್ಕಾಚಾರ ಸರಳವಾಗಿದೆ. ಸುಳಿಯು ತನ್ನ ತಿರುಳಿರುವ ಜಾಗದಲ್ಲಿ ಅತಿವಾಹಕತೆಯನ್ನು ನಾಶಮಾಡಬೇಕು, ಅದಕ್ಕೆ ಶಕ್ತಿಯನ್ನು ತೆರಬೇಕು. ಅತಿವಾಹಕತೆಯೇ ಇಲ್ಲದ ಒಂದು ತಾಣ, ಉದಾಹರಣೆಗೆ ಒಂದು ರಂಧ್ರ, ಮೊದಲೇ ಅಲ್ಲಿದ್ದರೆ ತಿರುಳನ್ನು ಅದರ ಮೇಲೆ ಇಟ್ಟುಕೊಂಡು ಆ ವೆಚ್ಚವನ್ನು ಉಳಿಸಬಹುದು. ಹಾಗೆ ಕೂತ ಸುಳಿಯನ್ನು ಎಬ್ಬಿಸಬೇಕಾದರೆ ಉಳಿತಾಯವಾದ ಶಕ್ತಿಯನ್ನು ಹೊರಗಿನಿಂದ ಕೊಡಬೇಕು. ಒಳನುಗ್ಗುವ ಆಳವೂ ದಪ್ಪವೂ 100 ನ್ಯಾನೋಮೀಟರ್ ಇರುವ ಪದರದಲ್ಲಿ ಈ ಶಕ್ತಿ, ದ್ರವ ಹೀಲಿಯಂನ ತಾಪದಲ್ಲಿ ಲಭ್ಯವಿರುವ ಉಷ್ಣ ಕಂಪನದ ಶಕ್ತಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಹೀಗಾಗಿ ತಂಪಾದ ನಯೋಬಿಯಂ ಪದರದಲ್ಲಿ ಒಳ್ಳೆಯ ರಂಧ್ರಕ್ಕೆ ಸಿಕ್ಕಿಬಿದ್ದ ಸುಳಿ ತಾನಾಗಿ ಹೊರಬರುವುದಿಲ್ಲ. ಆದರೆ ದೋಷಗಳ ಹಿಡಿತ ದುರ್ಬಲವಾಗಿದ್ದಾಗ, ಅಥವಾ ತಾಪ ಹೆಚ್ಚಿದ್ದಾಗ, ಸುಳಿಗಳು ಪ್ರವಾಹದ ತಳ್ಳುವಿಕೆ ಸಾಲದಿದ್ದರೂ ಉಷ್ಣದ ನೆರವಿನಿಂದ ಆಗೊಮ್ಮೆ ಈಗೊಮ್ಮೆ ನೆಗೆದು ಮುಂದಿನ ದೋಷಕ್ಕೆ ಹೋಗುತ್ತವೆ. ಈ ತೆವಳುವಿಕೆಯನ್ನು ಆಂಡರ್ಸನ್ 1962ರಲ್ಲಿ ವಿವರಿಸಿದರು. ದ್ರವ ಸಾರಜನಕದ 77 ಕೆಲ್ವಿನ್‌ನಲ್ಲಿ ಕೆಲಸ ಮಾಡುವ ತಾಮ್ರದ ಆಕ್ಸೈಡುಗಳಲ್ಲಿ ಇದು ನಿತ್ಯದ ತೊಡಕು, ಏಕೆಂದರೆ ಅಲ್ಲಿ ಉಷ್ಣಶಕ್ತಿ ಹದಿನೆಂಟು ಪಟ್ಟು ಹೆಚ್ಚಿದೆ, ತಿರುಳು ಚಿಕ್ಕದಾದ್ದರಿಂದ ಬಿಡಿ ದೋಷವೊಂದರಿಂದ ಆಗುವ ಉಳಿತಾಯವೂ ಕಡಿಮೆ.

ಇಲ್ಲಿ ಅನೇಕರು ಎಡವುವ ಒಂದು ಸೂಕ್ಷ್ಮವಿದೆ. ದೋಷಗಳು ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ ಎಂದೇನೂ ಇಲ್ಲ. ಸುಳಿಗಳು ಬಿಡಿಬಿಡಿಯಾಗಿಲ್ಲ, ಪರಸ್ಪರ ವಿಕರ್ಷಣೆಯಿಂದ ಒಂದು ಜಾಲವಾಗಿ ಕೂಡಿಕೊಂಡಿವೆ, ಆ ಜಾಲಕ್ಕೆ ತನ್ನದೇ ಬಿಗುವಿದೆ. ಅಡ್ಡಾದಿಡ್ಡಿ ಹರಡಿದ ದೋಷಗಳು ಒಂದು ಸುಳಿಯನ್ನು ಎಡಕ್ಕೆ ಎಳೆದರೆ ಇನ್ನೊಂದನ್ನು ಬಲಕ್ಕೆ ಎಳೆಯುತ್ತವೆ. ಜಾಲವು ಗಡುಸಾಗಿದ್ದರೆ ಈ ಎಳೆತಗಳು ಪರಸ್ಪರ ವಜಾ ಆಗಿ ಒಟ್ಟು ಹಿಡಿತ ಶೂನ್ಯದತ್ತ ಸಾಗುತ್ತದೆ. ಮುಳ್ಳುಬೇಲಿಯ ಮೇಲೆ ಹಲಗೆಯನ್ನು ಎಳೆದರೆ ಜಾರಿಕೊಂಡು ಹೋಗುತ್ತದೆ, ಬಟ್ಟೆಯನ್ನು ಎಳೆದರೆ ಸಿಕ್ಕಿಕೊಳ್ಳುತ್ತದೆ. ಜಾಲವು ಎಷ್ಟು ಬಾಗಬಲ್ಲದು ಎಂಬುದರ ಮೇಲೆ ಹಿಡಿತ ನಿಂತಿದೆ ಎಂಬ ಈ ವಿಚಾರವನ್ನು ಲಾರ್ಕಿನ್ ಮತ್ತು ಓವ್ಚಿನ್ನಿಕೋವ್ ಗಣಿತಕ್ಕೆ ಇಳಿಸಿದರು. ದೋಷಗಳನ್ನೇ ಜಾಲದ ಆಕಾರದಲ್ಲಿ ಜೋಡಿಸಿಬಿಟ್ಟರೆ ಸುಳಿಗಳು ಬಾಗುವ ಅಗತ್ಯವೇ ಬೀಳುವುದಿಲ್ಲ, ಎಲ್ಲ ಎಳೆತಗಳೂ ಒಂದೇ ದಿಕ್ಕಿನಲ್ಲಿ ಕೂಡಿಕೊಳ್ಳುತ್ತವೆ. ವಿನ್ಯಾಸಗೊಳಿಸಿದ ಪದರಗಳ ಗುಟ್ಟು ಈ ಹೊಂದಾಣಿಕೆಯಲ್ಲಿದೆ. ರಂಧ್ರಗಳ ಸಂಖ್ಯೆ ಎರಡನೆಯ ಮಾತು.

ಇದಕ್ಕೆ ತೆಳುಪದರವನ್ನೇ ಆರಿಸಿಕೊಳ್ಳಲು ಕಾರಣವಿದೆ. ದಪ್ಪನೆಯ ವಸ್ತುವಿನಲ್ಲಿ ಸುಳಿಯು ಉದ್ದನೆಯ, ಬಳುಕುವ ಎಳೆಯಾಗಿದ್ದು, ಒಂದು ದೋಷವು ಅದರ ಒಂದು ತುಣುಕನ್ನಷ್ಟೇ ಹಿಡಿಯುತ್ತದೆ. ಕೆಲವು ಹತ್ತು ನ್ಯಾನೋಮೀಟರ್ ದಪ್ಪದ ಪದರದಲ್ಲಿ ಸುಳಿ ಹೆಚ್ಚುಕಡಿಮೆ ಒಂದು ಬಿಂದುವೇ, ಆರಪಾರ ಕೊರೆದ ಒಂದು ರಂಧ್ರ ಅದನ್ನು ಅಡಿಯಿಂದ ಮುಡಿಯವರೆಗೆ ಹಿಡಿದುಬಿಡುತ್ತದೆ. ಇನ್ನೊಂದು ವಿಶೇಷವನ್ನು ಪರ್ಲ್ 1964ರಲ್ಲಿ ತೋರಿಸಿದರು. ಪದರವು ಒಳನುಗ್ಗುವ ಆಳಕ್ಕಿಂತ ತೆಳ್ಳಗಿದ್ದರೆ ಸುಳಿಯ ಕ್ಷೇತ್ರವು ಪದರದ ಮೇಲಿನ ಹಾಗೂ ಕೆಳಗಿನ ಖಾಲಿ ಜಾಗದಲ್ಲಿ ಹರಡಿಕೊಳ್ಳುತ್ತದೆ, ಆಗ ಸುಳಿಗಳ ವಿಕರ್ಷಣೆ ಬಹಳ ದೂರದವರೆಗೆ ತಲುಪುತ್ತದೆ. ಒಳನುಗ್ಗುವ ಆಳದ ವರ್ಗವನ್ನು ಎರಡರಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ ಬರುವ ಉದ್ದವೇ ಇಲ್ಲಿ ಹೊಸ ಮಾಪಕ. ಆಳ 100 ನ್ಯಾನೋಮೀಟರ್, ದಪ್ಪ 20 ನ್ಯಾನೋಮೀಟರ್ ಎಂದು ಇಟ್ಟುಕೊಂಡರೆ ಅದು 1 ಮೈಕ್ರೋಮೀಟರ್ ಆಗುತ್ತದೆ. ಆದ್ದರಿಂದ ರಂಧ್ರಗಳ ನಡುವೆ ಮೈಕ್ರೋಮೀಟರಿನಷ್ಟು ಅಂತರವಿದ್ದರೂ ಸುಳಿಗಳು ಒಂದರ ಇರವನ್ನು ಮತ್ತೊಂದು ಚೆನ್ನಾಗಿಯೇ ಅರಿಯುತ್ತವೆ.

ಪದರದ ದಪ್ಪವನ್ನು ಅಲೆಅಲೆಯಾಗಿ ಏರಿಳಿಸಿ ಇಂತಹ ಹೊಂದಾಣಿಕೆಯನ್ನು ಕಂಡ ಪ್ರಯೋಗಗಳು 1970ರ ದಶಕದ ಮೊದಲರ್ಧದಲ್ಲೇ ನಡೆದಿದ್ದವು. ಅಲ್ಯೂಮಿನಿಯಂ ಪದರದಲ್ಲಿ ರಂಧ್ರಗಳನ್ನು ಸಾಲಾಗಿ ಕೊರೆದು ಫಿಯೋರಿ, ಹೆಬಾರ್ಡ್ ಮತ್ತು ಸೋಮೆಕ್ 1978ರಲ್ಲಿ ಅದನ್ನೇ ತೋರಿಸಿದರು. ಎಲೆಕ್ಟ್ರಾನ್ ಕಿರಣದಿಂದ ನಕ್ಷೆ ಬರೆಯುವ ಲಿಥೋಗ್ರಫಿ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾದ ಮೇಲೆ ಈ ಅಧ್ಯಯನ ನಿಜವಾಗಿ ಬೆಳೆಯಿತು. ಆಂಟಿಡಾಟ್ ಎಂದು ಕರೆಯಲಾಗುವ, ಕೆಲವು ನೂರು ನ್ಯಾನೋಮೀಟರ್ ಅಗಲದ ರಂಧ್ರಗಳನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪದರದುದ್ದಕ್ಕೂ ಒಂದೇ ಅಂತರದಲ್ಲಿ ಮಾಡುವುದು ಇಂದು ವಿಶೇಷವೇನಲ್ಲ.

ಈಗ ಅಂಕಿಗಳನ್ನು ನೋಡೋಣ. ರಂಧ್ರಗಳು 1 ಮೈಕ್ರೋಮೀಟರ್ ಅಂತರದ ಚೌಕಜಾಲದಲ್ಲಿವೆ ಎನ್ನೋಣ. ಪ್ರತಿ ರಂಧ್ರದ ಪಾಲಿಗೆ 1 ಚದರ ಮೈಕ್ರೋಮೀಟರ್ ಜಾಗ ಬರುತ್ತದೆ. ಅಭಿವಾಹದ ಕ್ವಾಂಟಮ್ ಅನ್ನು ಆ ಜಾಗದಿಂದ ಭಾಗಿಸಿದರೆ 2.07 ಮಿಲಿಟೆಸ್ಲಾ ಸಿಗುತ್ತದೆ, ಅಂದರೆ ಭೂಮಿಯ ಕಾಂತಕ್ಷೇತ್ರದ ನಲವತ್ತರಷ್ಟು. ಈ ಕ್ಷೇತ್ರದಲ್ಲಿ ಸುಳಿಗಳ ಸಂಖ್ಯೆಯೂ ರಂಧ್ರಗಳ ಸಂಖ್ಯೆಯೂ ಸರಿಯಾಗಿ ಒಂದೇ ಆಗುತ್ತವೆ. ಆದ್ದರಿಂದ ಇದನ್ನು ಮೊದಲ ಹೊಂದಿಕೆಯ ಕ್ಷೇತ್ರ ಎನ್ನುತ್ತಾರೆ. ಕ್ಷೇತ್ರವನ್ನು ನಿಧಾನವಾಗಿ ಏರಿಸುತ್ತಾ, ಪದರವು ಎಷ್ಟು ಪ್ರವಾಹವನ್ನು ರೋಧವಿಲ್ಲದೆ ತಾಳಬಲ್ಲದು ಎಂದು ಅಳೆದರೆ, ಸಾಮಾನ್ಯವಾಗಿ ಇಳಿಯುತ್ತಲೇ ಹೋಗಬೇಕಾದ ರೇಖೆ 2.07 ಮಿಲಿಟೆಸ್ಲಾದಲ್ಲಿ ಚೂಪಾದ ಶಿಖರವಾಗಿ ಏಳುತ್ತದೆ. ಕ್ಷೇತ್ರ ಅದಕ್ಕಿಂತ ತುಸು ಹೆಚ್ಚಾದರೆ ಜಾಗ ಸಿಗದ ಕೆಲವು ಸುಳಿಗಳು ರಂಧ್ರಗಳ ನಡುವೆ ಅಲೆಯತೊಡಗುತ್ತವೆ. ತುಸು ಕಡಿಮೆಯಾದರೆ ಖಾಲಿ ಉಳಿದ ರಂಧ್ರಗಳಿಗೆ ಪಕ್ಕದ ಸುಳಿಗಳು ನೆಗೆಯುತ್ತಾ ಆ ಖಾಲಿತನವೇ ಪದರದಲ್ಲಿ ಓಡಾಡುತ್ತದೆ. ಎರಡೂ ಕಡೆ ಹಿಡಿತ ಸಡಿಲಗೊಳ್ಳುತ್ತದೆ.

ಎರಡು ಪಟ್ಟು, ಮೂರು ಪಟ್ಟು ಕ್ಷೇತ್ರದಲ್ಲೂ ಶಿಖರಗಳು ಬರುತ್ತವೆ, ಆದರೆ ಅವುಗಳ ಅರ್ಥ ಒಂದೇ ಅಲ್ಲ. ಒಂದು ರಂಧ್ರದಲ್ಲಿ ಎಷ್ಟು ಕ್ವಾಂಟಮ್‌ಗಳು ಕೂರಬಲ್ಲವು ಎಂಬುದಕ್ಕೆ 1972ರಲ್ಲಿ ಮ್ಕ್ರ್ಟ್‌ಚ್ಯಾನ್ ಮತ್ತು ಶ್ಮಿಟ್ ಕೊಟ್ಟ ಅಂದಾಜಿದೆ: ರಂಧ್ರದ ತ್ರಿಜ್ಯವನ್ನು ಸಂಸಕ್ತಿ ದೂರದ ಇಮ್ಮಡಿಯಿಂದ ಭಾಗಿಸಬೇಕು. ತ್ರಿಜ್ಯ 160, ಸಂಸಕ್ತಿ ದೂರ 40 ನ್ಯಾನೋಮೀಟರ್ ಆದರೆ ಎರಡು. ಮೂರನೆಯ ಸುಳಿ ಬಂದಾಗ ಒಳಗಿರುವವು ಅದನ್ನು ಹೊರಗೇ ತಡೆಯುತ್ತವೆ, ಅದು ನಾಲ್ಕು ರಂಧ್ರಗಳ ನಡುವಿನ ಘನ ಪದರದಲ್ಲಿ ನಿಲ್ಲಬೇಕಾಗುತ್ತದೆ. ಹಾಗೆ ನಿಂತ ಸುಳಿಗೆ ಯಾವ ದೋಷದ ಆಸರೆಯೂ ಇಲ್ಲ. ಸುತ್ತಲಿನ ರಂಧ್ರಗಳಲ್ಲಿ ಬಂಧಿಯಾದ ಸುಳಿಗಳ ವಿಕರ್ಷಣೆಯಷ್ಟೇ ಅದಕ್ಕೆ ಪಂಜರ. ಈ ಹಿಡಿತ ಬಹಳ ಮೆದು, ಮತ್ತು ಅಂತಹ ಸುಳಿಗಳು ಮೊದಲು ಕದಲುವುದರಿಂದ ಶಿಖರಗಳು ಅಲ್ಲಿಂದ ಮುಂದೆ ಕುಗ್ಗುತ್ತವೆ. ತಾಪವು ಅತಿವಾಹಕತೆ ಅಳಿದುಹೋಗುವ ಸಂಕ್ರಮಣ ಬಿಂದುವನ್ನು ಸಮೀಪಿಸಿದಂತೆ ಸಂಸಕ್ತಿ ದೂರ ಬೆಳೆಯುವುದರಿಂದ, ಅದೇ ರಂಧ್ರದ ಧಾರಣಶಕ್ತಿ ತಾಪದೊಂದಿಗೆ ಕಡಿಮೆಯಾಗುತ್ತದೆ ಎಂಬುದನ್ನೂ ಗಮನಿಸಬೇಕು. ಅರ್ಧ ಪಟ್ಟು ಕ್ಷೇತ್ರದಲ್ಲಿ ಒಂದು ಬಿಟ್ಟು ಒಂದು ರಂಧ್ರ ತುಂಬಿ ಚದುರಂಗದ ಮಣೆಯ ವಿನ್ಯಾಸ ಮೂಡುತ್ತದೆ, ಅದೂ ಒಂದು ಸಣ್ಣ ಶಿಖರವನ್ನು ಕೊಡುತ್ತದೆ. ಬೆಲ್ಜಿಯಂನ ಲ್ಯೂವೆನ್‌ನ ಮೊಶ್ಚಲ್‌ಕೋವ್, ಬ್ರೂಯಿನ್ಸೆರಾಡೆ ಮತ್ತು ಸಂಗಡಿಗರು 1995ರಲ್ಲಿ ಸೀಸ ಮತ್ತು ಜರ್ಮೇನಿಯಂ ಪದರಗಳಲ್ಲಿ ರಂಧ್ರಗಳ ಒಳಗೂ ನಡುವೆಯೂ ಸುಳಿಗಳಿರುವ ಮಿಶ್ರ ಜಾಲಗಳ ಸುಳಿವನ್ನು ಹಿಡಿದರು. ಮರುವರ್ಷ ಜಪಾನಿನ ಹರಾಡಾ, ಟೊನೊಮುರಾ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನಯೋಬಿಯಂ ಪದರದ ಕೃತಕ ದೋಷಗಳ ಮೇಲೆ ಸುಳಿಗಳು ಹೇಗೆ ಕೂರುತ್ತವೆ, ಯಾವುವು ಮೊದಲು ಓಡುತ್ತವೆ ಎಂಬುದನ್ನು ನೇರವಾಗಿ ನೋಡಿದರು. ಇಡೀ ವಿಷಯದಲ್ಲಿ ನನಗೆ ಅತ್ಯಂತ ಮನವರಿಕೆಯಾಗುವ ಸಾಕ್ಷ್ಯ ಇದು, ಏಕೆಂದರೆ ರೋಧದ ರೇಖೆಗಳನ್ನು ಓದಿ ಸುಳಿಗಳ ಜೋಡಣೆಯನ್ನು ಊಹಿಸುವುದರಲ್ಲಿ ಒಂದು ಅಪಾಯವಿದೆ.

ಆ ಅಪಾಯ ಹೀಗಿದೆ. ಅತಿವಾಹಕದ ತೆಳ್ಳನೆಯ ಕೊಳವೆಯೊಂದರ ಸಂಕ್ರಮಣ ತಾಪವು ಅದನ್ನು ಹಾಯುವ ಅಭಿವಾಹದೊಂದಿಗೆ ಕ್ವಾಂಟಮ್‌ನಿಂದ ಕ್ವಾಂಟಮ್‌ಗೆ ಏರಿಳಿಯುತ್ತದೆ ಎಂದು ಲಿಟ್ಲ್ ಮತ್ತು ಪಾರ್ಕ್ಸ್ 1962ರಲ್ಲಿ ತೋರಿಸಿದ್ದರು. ರಂಧ್ರಗಳ ಪದರವೂ ಸಂಕ್ರಮಣ ತಾಪದ ತೀರ ಹತ್ತಿರದಲ್ಲಿ ತಂತಿಗಳ ಬಲೆಯಂತೆಯೇ ವರ್ತಿಸುತ್ತದೆ, ಏಕೆಂದರೆ ಬೆಳೆದ ಸಂಸಕ್ತಿ ದೂರವು ಎರಡು ರಂಧ್ರಗಳ ನಡುವಿನ ಪಟ್ಟಿಯ ಅಗಲವನ್ನು ಮೀರಿರುತ್ತದೆ, ಅಲ್ಲಿ ಸುಳಿಗೆ ತಿರುಳು ಕಟ್ಟಿಕೊಳ್ಳಲು ಜಾಗವೇ ಇರುವುದಿಲ್ಲ. ಆಗಲೂ ರೋಧವು ಅದೇ 2.07 ಮಿಲಿಟೆಸ್ಲಾದಲ್ಲಿ ತಗ್ಗುತ್ತದೆ, ಆದರೆ ಅದು ಸಂಕ್ರಮಣ ತಾಪವೇ ಏರಿದ್ದರ ಫಲ, ಸುಳಿಗಳು ಕೀಲಿಸಲ್ಪಟ್ಟದ್ದರ ಫಲವಲ್ಲ. ಪ್ರಯೋಗಗಳು ಬಹಳಷ್ಟು ಸಲ ಸಂಕ್ರಮಣ ತಾಪದ ಹತ್ತಿರವೇ ನಡೆಯುತ್ತವೆ. ಅಲ್ಲಿ ಸ್ವಾಭಾವಿಕ ದೋಷಗಳ ಗದ್ದಲ ಕಡಿಮೆಯಾಗಿ ಶಿಖರಗಳು ಚೊಕ್ಕವಾಗಿ ಕಾಣುತ್ತವೆ. ಆದ್ದರಿಂದ ಶಿಖರ ಕಂಡಿತೆಂದು ಪಿನ್ನಿಂಗ್ ಸಿದ್ಧವಾಯಿತು ಎನ್ನುವುದು ಅವಸರದ ತೀರ್ಮಾನವಾಗುತ್ತದೆ. ಇನ್ನಷ್ಟು ತಂಪಿನಲ್ಲೂ ಶಿಖರ ಉಳಿಯುತ್ತದೆಯೇ, ರಂಧ್ರವನ್ನು ಆರಪಾರ ಕೊರೆಯದೆ ಅರ್ಧಕ್ಕೆ ನಿಲ್ಲಿಸಿದರೂ ಬರುತ್ತದೆಯೇ ಎಂದು ಪರೀಕ್ಷಿಸುವುದು ಕ್ಷೇಮ.

ರಂಧ್ರಗಳ ಬದಲು ಕಾಂತೀಯ ಚುಕ್ಕೆಗಳನ್ನು ಇಡುವುದು ಇನ್ನೊಂದು ದಾರಿ. ನಯೋಬಿಯಂ ಪದರದ ಅಡಿಯಲ್ಲಿ ನಿಕಲ್‌ನ ಚುಕ್ಕೆಗಳ ಸಾಲನ್ನಿಟ್ಟು ಮಾರ್ಟಿನ್, ಶುಲ್ಲರ್ ಮತ್ತು ಸಂಗಡಿಗರು 1997ರಲ್ಲಿ ಹೊಂದಿಕೆಯ ಶಿಖರಗಳನ್ನು ಪಡೆದರು. ಚುಕ್ಕೆಯ ಕಾಂತಧ್ರುವ ಪದರಕ್ಕೆ ಲಂಬವಾಗಿದ್ದರೆ ಹಿಡಿತವು ಕ್ಷೇತ್ರದ ದಿಕ್ಕನ್ನು ಗಮನಿಸತೊಡಗುತ್ತದೆ: ಒಂದೇ ದಿಕ್ಕಿನ ಸುಳಿ ಆಕರ್ಷಿತವಾಗುತ್ತದೆ, ಎದುರು ದಿಕ್ಕಿನದು ದೂರ ತಳ್ಳಲ್ಪಡುತ್ತದೆ. ಚುಕ್ಕೆಗಳ ನಡುವಿನ ಜಾಗದಲ್ಲಿ ಅವುಗಳಿಂದ ಹೊರಟು ಹಿಂದಿರುಗುವ ಕ್ಷೇತ್ರ ಹೊರಗಿನ ಕ್ಷೇತ್ರವನ್ನು ರದ್ದುಮಾಡುವುದರಿಂದ, ಕ್ಷೇತ್ರವಿಲ್ಲದಾಗ ಅತಿವಾಹಕವಾಗಿರದ ಪದರವು ಕ್ಷೇತ್ರ ಹಾಕಿದಾಗ ಅತಿವಾಹಕವಾಗುವ ವಿಚಿತ್ರವನ್ನೂ ಲ್ಯೂವೆನ್ ತಂಡ 2003ರಲ್ಲಿ ತೋರಿಸಿತು. ಅದೇ ವರ್ಷ ತ್ರಿಕೋನಾಕಾರದ ನಿಕಲ್ ಚುಕ್ಕೆಗಳ ಮೇಲೆ ಸುಳಿಗಳನ್ನು ಅತ್ತಿತ್ತ ತಳ್ಳಿದಾಗ ಅವು ಒಂದೇ ಕಡೆಗೆ ಹೆಚ್ಚು ಸುಲಭವಾಗಿ ಸಾಗುವುದು ಕಂಡುಬಂತು; ಪರ್ಯಾಯ ಪ್ರವಾಹ ಕೊಟ್ಟು ಏಕಮುಖ ವೋಲ್ಟೇಜ್ ಪಡೆದಂತಾಯಿತು.

ಇಷ್ಟೆಲ್ಲ ಇದ್ದರೂ, ದೊಡ್ಡ ವಿದ್ಯುತ್ಕಾಂತಗಳ ತಂತಿಗಳಿಗೆ ಸಾಲುಬದ್ಧ ರಂಧ್ರಗಳು ಸರಿಯಾದ ಉತ್ತರವಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣಗಳು ಅಂಕಿಗಳಲ್ಲೇ ಇವೆ. 10 ಟೆಸ್ಲಾದಲ್ಲಿ ಸುಳಿಗಳ ಅಂತರ ಸುಮಾರು 15 ನ್ಯಾನೋಮೀಟರ್. ಕಿಲೋಮೀಟರುಗಟ್ಟಲೆ ಉದ್ದದ ಪಟ್ಟಿಯ ಮೇಲೆ ಅಷ್ಟು ಒತ್ತಾಗಿ ಲಿಥೋಗ್ರಫಿ ಮಾಡುವುದು ಕಾರ್ಯಸಾಧ್ಯವಲ್ಲ, ಮಾಡಿದರೂ ಪ್ರವಾಹ ಹರಿಯಬೇಕಾದ ವಸ್ತುವನ್ನೇ ರಂಧ್ರಗಳು ತಿಂದುಹಾಕುತ್ತವೆ. ಮೇಲಾಗಿ ಚೂಪಾದ ಶಿಖರ ಒಂದೆರಡು ಕ್ಷೇತ್ರಗಳಲ್ಲಿ ಮಾತ್ರ ಲಾಭ ಕೊಡುತ್ತದೆ, ವಿದ್ಯುತ್ಕಾಂತಕ್ಕೆ ಬೇಕಾದದ್ದು ಸೊನ್ನೆಯಿಂದ ಗರಿಷ್ಠದವರೆಗೆ ಎಲ್ಲ ಕ್ಷೇತ್ರದಲ್ಲೂ ಹಿಡಿತ. ಅದಕ್ಕಾಗಿ ಆಕ್ಸೈಡ್ ಪಟ್ಟಿಗಳ ತಯಾರಿಕೆಯಲ್ಲಿ ಬೇರಿಯಂ ಜಿರ್ಕೋನೇಟ್‌ನಂತಹ ವಸ್ತುವನ್ನು ಬೆರೆಸಿ, ಅದು ತಾನಾಗಿಯೇ ನ್ಯಾನೋಮೀಟರ್ ಗಾತ್ರದ ಕಣಗಳಾಗಿ, ಕಂಬಗಳಾಗಿ ಹೆಪ್ಪುಗಟ್ಟುವಂತೆ ಮಾಡುತ್ತಾರೆ. ಅದರಲ್ಲಿ ಅಂದ ಕಡಿಮೆ, ಫಲ ಹೆಚ್ಚು. ಶಿಖರವನ್ನು ಅಗಲಿಸುವ ಪ್ರಯತ್ನವಾಗಿ ಸಿದ್ಧಾಂತಿಗಳು ಪೆನ್‌ರೋಸ್ ಜಾಲದಂತಹ, ಕ್ರಮವಿದ್ದೂ ಪುನರಾವರ್ತನೆಯಾಗದ ಜೋಡಣೆಗಳನ್ನು 2005ರಲ್ಲಿ ಸೂಚಿಸಿದರು. ರಂಧ್ರಗಳ ಸಾಂದ್ರತೆಯನ್ನು ಅಂಚಿನಿಂದ ಒಳಕ್ಕೆ ಕ್ರಮೇಣ ಬದಲಿಸುವ ಜೋಡಣೆಗಳು 2013ರಲ್ಲಿ ಬಂದವು. ಈ ಎರಡನೆಯದು ನನಗೆ ಹೆಚ್ಚು ಸಮಂಜಸವೆನಿಸುತ್ತದೆ, ಏಕೆಂದರೆ ಪ್ರವಾಹ ಹರಿಯುವಾಗ ಸುಳಿಗಳ ಸಾಂದ್ರತೆ ಪದರದ ಎಲ್ಲೆಡೆ ಒಂದೇ ಆಗಿರುವುದಿಲ್ಲ, ಅಂಚಿನಿಂದ ಒಳಕ್ಕೆ ಇಳಿಜಾರಾಗಿರುತ್ತದೆ.

ವಿನ್ಯಾಸಗೊಳಿಸಿದ ಪದರಗಳ ನಿಜವಾದ ನೆಲೆ ಸಣ್ಣ ಕ್ಷೇತ್ರದಲ್ಲಿ ಕೆಲಸ ಮಾಡುವ ಸೂಕ್ಷ್ಮ ಸಾಧನಗಳಲ್ಲಿದೆ. ಅತಿ ಕ್ಷೀಣ ಕಾಂತಕ್ಷೇತ್ರವನ್ನು ಅಳೆಯುವ ಸ್ಕ್ವಿಡ್ ಸಾಧನದ ಬಳಿ ಒಂದೇ ಒಂದು ಸುಳಿ ಎರಡು ದೋಷಗಳ ನಡುವೆ ಅತ್ತಿತ್ತ ನೆಗೆದರೂ ಅದು ಗದ್ದಲವಾಗಿ ದಾಖಲಾಗುತ್ತದೆ. ಅಲ್ಲಿ ರಂಧ್ರಗಳ ಕೆಲಸ ಸುಳಿಯನ್ನು ಅಲುಗದಂತೆ ಹಿಡಿಯುವುದು. ಇನ್ನೂ ಸರಳ ಉಪಾಯವೆಂದರೆ ಸುಳಿ ಒಳಬರಲೇ ಆಗದಷ್ಟು ಕಿರಿದಾದ ಪಟ್ಟಿಗಳನ್ನು ಬಳಸುವುದು: ಸುಳಿ ನೆಲೆಸಲು ಬೇಕಾದ ಕ್ಷೇತ್ರವು ಅಭಿವಾಹದ ಕ್ವಾಂಟಮ್ ಅನ್ನು ಪಟ್ಟಿಯ ಅಗಲದ ವರ್ಗದಿಂದ ಭಾಗಿಸಿದಷ್ಟರ ಆಸುಪಾಸಿನಲ್ಲಿರುವುದರಿಂದ, ಆರು ಮೈಕ್ರೋಮೀಟರ್‌ಗಿಂತ ಕಿರಿದಾದ ಪಟ್ಟಿಯನ್ನು ಭೂಮಿಯ ಕ್ಷೇತ್ರದಲ್ಲೇ ತಂಪುಮಾಡಿದರೂ ಅದರಲ್ಲಿ ಸುಳಿ ಉಳಿಯುವುದಿಲ್ಲ. ಮೈಕ್ರೋವೇವ್ ಅನುರಣಕಗಳಲ್ಲಿ ಪ್ರವಾಹವು ಪಟ್ಟಿಯ ಅಂಚುಗಳಲ್ಲಿ ಒತ್ತಾಗಿ ಹರಿಯುತ್ತದೆ. ಅಂಚಿನ ಸುಳಿ ಒಂದೇ ಜಾಗದಲ್ಲಿ ಕಂಪಿಸಿದರೂ ಶಕ್ತಿ ಸೋರಿಹೋಗುತ್ತದೆ, ಹಾಗಾಗಿ ಅಂಚುಗಳಲ್ಲಿ ರಂಧ್ರಗಳನ್ನು ಮಾಡಿದಾಗ ನಷ್ಟ ತಗ್ಗುವುದು ಪ್ರಯೋಗಗಳಲ್ಲಿ ಕಂಡಿದೆ.

ಕ್ವಾಂಟಮ್ ಕಂಪ್ಯೂಟರಿನ ಮಾಹಿತಿ ಘಟಕಗಳಾದ ಕ್ಯೂಬಿಟ್‌ಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಯೂಮಿನಿಯಂ ಪದರದಲ್ಲಿ ಒಡೆದುಹೋದ ಜೋಡಿಗಳಿಂದ ಉಳಿದ ಬಿಡಿ ಎಲೆಕ್ಟ್ರಾನುಗಳು ಕ್ಯೂಬಿಟ್‌ನ ಆಯುಷ್ಯವನ್ನು ಕುಗ್ಗಿಸುತ್ತವೆ, ಮತ್ತು ಸುಳಿಯ ತಿರುಳು ಸಾಧಾರಣ ಲೋಹದಂತಿರುವುದರಿಂದ ಆ ಎಲೆಕ್ಟ್ರಾನುಗಳನ್ನು ತನ್ನೊಳಗೆ ಸೆಳೆದು ಹಿಡಿಯುತ್ತದೆ. ಪ್ರವಾಹ ಬಲವಾಗಿ ಹರಿಯುವ ಕಡೆ ಕೂತರೆ ಅದೇ ಸುಳಿ ನಷ್ಟಕ್ಕೆ ಕಾರಣ; ಪ್ರವಾಹ ಕ್ಷೀಣವಾಗಿರುವ ಅಗಲವಾದ ಫಲಕದ ಮಧ್ಯದಲ್ಲಿ ಕೂತರೆ ಸಾಧನಕ್ಕೆ ಲಾಭ. ಹೀಗಾಗಿ ಇಲ್ಲಿ ವಿನ್ಯಾಸಕಾರರು ಸುಳಿಗಳು ನಿಲ್ಲಬಾರದ ಭಾಗಗಳನ್ನು ಕಿರಿದಾಗಿಸಿ, ನಿಲ್ಲಬಹುದಾದ ಫಲಕಗಳನ್ನು ಪ್ರವಾಹದ ದಾರಿಯಿಂದ ದೂರ ಇಟ್ಟು, ಎಷ್ಟು ಕ್ಷೇತ್ರದಲ್ಲಿ ತಂಪುಮಾಡಿದರೆ ಎಷ್ಟು ಸುಳಿಗಳು ಎಲ್ಲಿ ಕೂರುತ್ತವೆ ಎಂದು ಲೆಕ್ಕ ಹಾಕುತ್ತಾರೆ.